ಬೆಂಗಳೂರಿನಿಂದ ಕುಂದಾಪುರಕ್ಕೆ, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಬಂತೆಂದರೆ ನಾವು ಬೆಂಗಳೂರಿನಿಂದ ಕುಂದಾಪುರದ ಹತ್ತಿರವಿರುವ ನನ್ನ ತವರಿಗೆ ಕಾರಿನಲ್ಲಿ ಹೊರಡುತ್ತೇವೆ. ಮಗಳಿಗೆ ಈಗ ನಾಲ್ಕು ವರ್ಷ, ಮಗನಿಗೆ ಹದಿನೈದು ತಿಂಗಳು. ಮಗಳು ಐದು ತಿಂಗಳ ಕೂಸಾಗಿದ್ದಾಗ ಮೊದಲ ಸಲ ಹೋದದ್ದು. ಅಂದಿನಿಂದ ನೆರೆಮನೆಯವರು, ಕಚೇರಿಯ ಗೆಳತಿಯರು, ಈಚೆಗೆ ಹೆತ್ತ ಚಿಕ್ಕಮ್ಮನ ಮಗಳು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತ ಬಂದಿದ್ದಾರೆ. ನಮ್ಮ ದಾರಿ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು, ಉಡುಪಿ, ಅಲ್ಲಿಂದ ಕುಂದಾಪುರ. ನಿಮ್ಮ ದಾರಿ ಬೇರೆಯಾಗಿದ್ದರೂ ಮಕ್ಕಳ ಹೊಟ್ಟೆ, ನಿದ್ದೆ, ಹಟ ಇವು ಎಲ್ಲ ದಾರಿಯಲ್ಲೂ ಒಂದೇ.

ಅಷ್ಟು ದೂರ ಕಾರಿನಲ್ಲೇ ಏಕೆ? ರೈಲಿಲ್ಲವೇ?

ಇದೆ, ಚೆಂದದ ರೈಲೇ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಹಳಿಯಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ಹಗಲು ರೈಲಿನಲ್ಲಿ ಮಕ್ಕಳು ಅವನ್ನು ಎಣಿಸಿಕೊಂಡೇ ಕೂರುತ್ತವೆ. ಬೇಗ ತಲುಪುವುದಷ್ಟೇ ನಿಮ್ಮ ಉದ್ದೇಶವಾಗಿದ್ದು, ಟಿಕೆಟ್ ಸಿಕ್ಕಿದರೆ, ರೈಲಿಗೇ ಹೋಗಿ ಎಂದು ನಾನು ಹೇಳುತ್ತೇನೆ. ನಮಗೆ ಕಾರು ಹಿತವೆನಿಸಿದ್ದು ಒಂದೇ ಕಾರಣಕ್ಕೆ: ಮಗು ಬೇಡವೆಂದಾಗ ನಿಲ್ಲಿಸಬಹುದು. ಆ ಅನುಕೂಲವನ್ನು ಬಳಸಿಕೊಳ್ಳದೆ, ನಿಲ್ಲಿಸದೆ ಓಡಿಸುವುದಾದರೆ ಕಾರಿನಲ್ಲಿ ಹೋಗುವುದಕ್ಕೆ ಅರ್ಥವೇ ಇಲ್ಲ.

ಒಂದೇ ದಿನದಲ್ಲಿ ತಲುಪಬಹುದಲ್ಲವೇ?

ದೊಡ್ಡವರಾದರೆ ತಲುಪಬಹುದು. ನಾವು ಹೋಗುವ ದಾರಿಯಲ್ಲಿ ಸುಮಾರು 440 ಕಿ.ಮೀ. ಆಗುತ್ತದೆ. ಮೊದಲ ವರ್ಷ ನಾವೂ ಹಾಗೆಯೇ ಲೆಕ್ಕ ಹಾಕಿ ಹೊರಟೆವು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟದ್ದು, ನೆಲಮಂಗಲ ದಾಟುವಷ್ಟರಲ್ಲಿ ಹತ್ತು. ಘಾಟಿಯಲ್ಲಿ ಲಾರಿಗಳ ಸಾಲು. ಕತ್ತಲಾದ ಮೇಲೆ ಉಡುಪಿ. ಅಲ್ಲಿಂದ ಮನೆಯ ಅಂಗಳದವರೆಗೆ ಮಗಳು ಒಂದೇ ಸಮನೆ ಅತ್ತಳು. ಹಸಿವಲ್ಲ, ಒದ್ದೆಯಲ್ಲ, ಅವಳಿಗೆ ಸಾಕಾಗಿತ್ತು ಅಷ್ಟೇ. ಅಂಗಳದಲ್ಲಿ ನಿಂತಿದ್ದ ಅಮ್ಮನ ಕೈಗೆ ಕೊಟ್ಟ ಕೂಡಲೇ ಬಿಕ್ಕುತ್ತ ಬಿಕ್ಕುತ್ತ ಹೆಗಲ ಮೇಲೆ ನಿದ್ದೆಹೋದಳು. ಆ ರಾತ್ರಿಯೇ ನಾವು ತೀರ್ಮಾನಿಸಿದೆವು, ಇನ್ನು ಮುಂದೆ ಎರಡು ದಿನ ಎಂದು.

ಈಗ ಮೊದಲ ದಿನ ಸಕಲೇಶಪುರ. ಬೆಂಗಳೂರಿನಿಂದ ಸುಮಾರು 220 ಕಿ.ಮೀ., ದಾರಿಯ ಸರಿಯಾದ ಅರ್ಧ. ಬೇಸಿಗೆಯಲ್ಲೂ ರಾತ್ರಿ ತಂಪು. ಎರಡನೇ ದಿನ ಬೆಳಗಿನ ಹೊತ್ತಿನಲ್ಲಿ ಘಾಟಿ ಇಳಿಯಬಹುದು, ಅದೇ ದೊಡ್ಡ ಲಾಭ. ಒಂದು ರಾತ್ರಿಯ ವಸತಿಗೆ ಖರ್ಚಾಗುತ್ತದೆ, ನಿಜ. ಎರಡು ವರ್ಷದೊಳಗಿನ ಮಗುವಿದ್ದರೆ ಆ ಖರ್ಚನ್ನು ಮೊದಲು ಎತ್ತಿಟ್ಟು ಉಳಿದದ್ದನ್ನು ಆಮೇಲೆ ಯೋಚಿಸಿ.

ಎಷ್ಟು ಗಂಟೆಗೆ ಹೊರಡುವುದು ಒಳ್ಳೆಯದು? ರಾತ್ರಿ ಹೊರಟರೆ ಮಕ್ಕಳು ಮಲಗಿರುತ್ತವಲ್ಲ?

ಬೆಳಗಿನ ಐದೂವರೆಗೆ ಕಾರು ಬೀದಿಗಿಳಿದಿರಬೇಕು. ಮಲಗಿದ್ದ ಮಕ್ಕಳನ್ನು ರಾತ್ರಿಯ ಉಡುಪಿನಲ್ಲೇ ಎತ್ತಿ ಕೂರಿಸುತ್ತೇವೆ. ಹಲ್ಲುಜ್ಜುವುದು, ಮುಖ ತೊಳೆಯುವುದು ಎಲ್ಲ ಕುಣಿಗಲ್ ದಾಟಿದ ಮೇಲೆ, ತಿಂಡಿಗೆ ನಿಲ್ಲಿಸಿದಾಗ. ಪಡುವಣಕ್ಕೆ ಹೋಗುವುದರಿಂದ ಬೆಳಗಿನ ಬಿಸಿಲು ಬೆನ್ನಿಗಿರುತ್ತದೆ, ಓಡಿಸುವವರ ಕಣ್ಣಿಗೆ ಬೀಳುವುದಿಲ್ಲ.

ರಾತ್ರಿ ಪ್ರಯಾಣ ಬೇಡ. ಮಕ್ಕಳು ಮಲಗುತ್ತವೆ, ಓಡಿಸುವವರಿಗೂ ನಿದ್ದೆ ಬರುತ್ತದೆ. ಹಗಲೆಲ್ಲ ಕಚೇರಿ ಕೆಲಸ ಮುಗಿಸಿ, ಸಾಮಾನು ಕಟ್ಟಿ, ಹತ್ತು ಗಂಟೆಗೆ ಚಕ್ರ ಹಿಡಿದವರಿಗೆ ಬೆಳಗಿನ ಜಾವ ಮೂರರ ತೂಕಡಿಕೆಯನ್ನು ತಡೆಯಲು ಯಾವ ಕಾಫಿಯೂ ಸಾಲದು.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರೆ ಸಾಲದೇ? ನಮ್ಮನ್ನೆಲ್ಲ ಹಾಗೆಯೇ ಬೆಳೆಸಿದ್ದಲ್ಲವೇ?

ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಇದಕ್ಕೆ ಉತ್ತರಿಸಲು ನಾನು ಎಂದೂ ಬೇಸರಪಡುವುದಿಲ್ಲ.

ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಏನಕ್ಕಾದರೂ ಬಡಿದು ಕ್ಷಣಮಾತ್ರದಲ್ಲಿ ನಿಂತಿತು ಎಂದುಕೊಳ್ಳಿ. ಆ ಕ್ಷಣದಲ್ಲಿ ಹತ್ತು ಕೆ.ಜಿ. ತೂಕದ ಮಗು ನಿಮ್ಮ ತೋಳುಗಳನ್ನು ನೂರು ಕೆ.ಜಿ.ಗೂ ಮಿಕ್ಕಿದ ಭಾರದಿಂದ ಎಳೆಯುತ್ತದೆ. ಎಂತಹ ತಾಯಿಯ ತೋಳೂ ಅದನ್ನು ಹಿಡಿದಿಡಲಾರದು. ಪ್ರೀತಿ ಕಡಿಮೆಯಾಯಿತೆಂದಲ್ಲ, ತೋಳಿನ ಬಲಕ್ಕೆ ಒಂದು ಮಿತಿಯಿದೆ. ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂರಿಸಿಕೊಳ್ಳುವುದು ಇನ್ನೂ ಅಪಾಯ, ಏಕೆಂದರೆ ಏರ್‌ಬ್ಯಾಗ್ ಸಿಡಿದು ಉಬ್ಬುವುದು ನೇರ ಮಗುವಿನ ತಲೆಗೆ. ನಿಮ್ಮ ಬೆಲ್ಟನ್ನೇ ಮಗುವಿಗೂ ಸೇರಿಸಿ ಹಾಕಿಕೊಂಡರೆ ಅಪಘಾತದಲ್ಲಿ ನಿಮ್ಮ ಮೈಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡಕ್ಕೆ ಹೆದರಿ ಸೀಟು ಕೊಳ್ಳಬೇಕಾಗಿಲ್ಲ. ಆದರೆ ಮನೆಯ ಹಿರಿಯರನ್ನು ಒಪ್ಪಿಸುವಾಗ ಈ ಕಲಮಿನ ಮಾತು ನನಗೆ ಉಪಯೋಗಕ್ಕೆ ಬಂದಿದೆ.

ಚಿಕ್ಕ ಮಗುವಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಕೂಸಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕತ್ತು ಎಳಸು. ಹಿಂಮುಖವಾಗಿದ್ದರೆ ಹೊಡೆತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಎರಡು ವರ್ಷದವರೆಗಾದರೂ, ಸೀಟಿನ ಅಳತೆ ಒಪ್ಪಿದರೆ ಅದಕ್ಕೂ ಮುಂದೆ, ಹಾಗೆಯೇ ಇಡಿ. ಕಾಲು ಮಡಚಿಕೊಂಡಿರುತ್ತದೆ ಎಂದು ಮರುಕಪಡಬೇಡಿ, ಮಕ್ಕಳಿಗೆ ಅದು ಕಷ್ಟವಲ್ಲ. ಪಟ್ಟಿ ಬಿಗಿದ ಮೇಲೆ ಹೆಗಲ ಮೂಳೆಯ ಹತ್ತಿರ ಎರಡು ಬೆರಳಿನಿಂದ ಪಟ್ಟಿಯನ್ನು ಚಿವುಟಿ ನೋಡಿ. ಚಿವುಟಲು ಬಂದರೆ ಇನ್ನೂ ಸಡಿಲ ಎಂದರ್ಥ.

ಬೇಸಿಗೆಗೆ ಮಾತ್ರ ಸಂಬಂಧಿಸಿದ ಇನ್ನೊಂದು ವಿಷಯವಿದೆ. ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಊಟ ಮುಗಿಸಿ ಬಂದರೆ ಸೀಟಿನ ಬಕಲ್ ಕಾದ ಬಾಣಲೆಯಂತಾಗಿರುತ್ತದೆ. ಮಗಳ ತೊಡೆಯ ಮೇಲೆ ಒಮ್ಮೆ ಕಾಸಿನಗಲ ಕೆಂಪು ಗುರುತು ಬಿದ್ದಿತ್ತು. ಈಗ ಇಳಿಯುವಾಗಲೇ ಸೀಟಿನ ಮೇಲೆ ಬಿಳಿ ಬೈರಾಸವನ್ನು (ಟವೆಲನ್ನು) ಹೊದಿಸಿ ಹೋಗುತ್ತೇವೆ. ಹತ್ತುವ ಮೊದಲು ಬಕಲನ್ನು ನನ್ನ ಮುಂಗೈಗೆ ಒತ್ತಿ ನೋಡುತ್ತೇನೆ.

ಸೀಟಿನಲ್ಲಿ ಕೂರಿಸಿದರೆ ಕಿರುಚುತ್ತದೆ, ಏನು ಮಾಡುವುದು?

ಪ್ರವಾಸದ ದಿನವೇ ಮೊದಲ ಸಲ ಕೂರಿಸಬೇಡಿ. ಒಂದು ತಿಂಗಳ ಮೊದಲು ಸೀಟನ್ನು ಮನೆಯ ನಡುಕೋಣೆಯಲ್ಲಿಟ್ಟು, ಅದರಲ್ಲೇ ಕೂರಿಸಿ ಬಾಳೆಹಣ್ಣು ತಿನ್ನಿಸಿ. ಆಮೇಲೆ ತರಕಾರಿ ಅಂಗಡಿಗೆ, ಅಲ್ಲಿಂದ ಇನ್ನೂ ಸ್ವಲ್ಪ ದೂರಕ್ಕೆ. ದಾರಿಯಲ್ಲಿ ಅತ್ತರೆ ಕಾರು ನಿಲ್ಲಿಸಿ ಎತ್ತಿಕೊಳ್ಳಿ, ಓಡುತ್ತಿರುವ ಕಾರಿನಲ್ಲಿ ಪಟ್ಟಿ ಬಿಚ್ಚಬೇಡಿ. ಒಮ್ಮೆ ಬಿಚ್ಚಿದರೆ ಅಳುವುದರಿಂದ ಪಟ್ಟಿ ಬಿಚ್ಚುತ್ತದೆ ಎಂದು ಮಗು ಕಲಿತುಬಿಡುತ್ತದೆ. ಹೇಗೂ ಒಂದೂವರೆ ಗಂಟೆಗೊಮ್ಮೆ, ಅತ್ತರೂ ಅಳದಿದ್ದರೂ, ಹೊರಗೆ ತೆಗೆದು ಕಾಲಾಡಿಸಿ.

ದಾರಿಗೆ ಏನು ಬುತ್ತಿ ಕಟ್ಟುತ್ತೀರಿ?

ಬುತ್ತಿ ಎಂಬ ಮಾತೇ ನನಗೆ ಇಷ್ಟ. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಅದನ್ನು ಕಟ್ಟುವಾಗಲೇ ನನಗೆ ಊರು ಕಾಣತೊಡಗುತ್ತದೆ.

ಮಗನಿಗೆ ರಾಗಿ ಸರಿ. ಹುರಿದು ಬೀಸಿದ ಹಿಟ್ಟನ್ನು ಡಬ್ಬಿಯಲ್ಲಿ, ಬಿಸಿನೀರನ್ನು ಫ್ಲಾಸ್ಕಿನಲ್ಲಿ ಒಯ್ಯುತ್ತೇವೆ. ಎಲ್ಲಿ ನಿಲ್ಲಿಸಿದರೂ ಹೋಟೆಲಿನವರು ಒಂದು ಪಾತ್ರೆಯಲ್ಲಿ ಕುದಿಸಿಕೊಡುತ್ತಾರೆ. ಕೇಳಲು ಸಂಕೋಚ ಬೇಡ, ಮಗುವಿಗೆಂದರೆ ನಮ್ಮ ಕಡೆ ಯಾರೂ ಇಲ್ಲವೆಂದದ್ದು ನನಗೆ ನೆನಪಿಲ್ಲ. ಮಗಳಿಗೆ ಒಣ ಚಪಾತಿಗೆ ತುಪ್ಪ ಬೆಲ್ಲ ಸವರಿ ಸುರುಳಿ ಸುತ್ತಿದ್ದು, ಬೇಯಿಸಿದ ನೇಂದ್ರ ಬಾಳೆ, ಒಗ್ಗರಣೆ ಹಾಕಿದ ಅವಲಕ್ಕಿ, ಕಡಲೆಪುರಿ. ಈ ಕಡಲೆಪುರಿ ಘಟ್ಟದ ಕೆಳಗೆ ಮಂಡಕ್ಕಿಯಾಗುತ್ತದೆ ಎಂಬುದು ಮಗಳು ಹೋದ ವರ್ಷ ಕಂಡುಹಿಡಿದ ಸಂಗತಿ. ಎಳನೀರು ಸೀಯಾಳವಾಗುತ್ತದೆ, ರಾಗಿ ಸರಿ ರಾಗಿ ಮಣ್ಣಿಯಾಗುತ್ತದೆ. ಒಂದೇ ಭಾಷೆ ಇನ್ನೂರು ಕಿಲೋಮೀಟರಿನಲ್ಲಿ ಬಾಯಿ ಬದಲಿಸುವುದನ್ನು ಮಗು ತಿನ್ನುತ್ತ ಕಲಿಯುತ್ತದೆ.

ಬೇಸಿಗೆಯ ಕಾರಿನಲ್ಲಿ ಮೊಸರನ್ನ, ತೆಂಗಿನಕಾಯಿ ಚಟ್ನಿ, ಹಾಲಿನ ಸಿಹಿ ಬೇಡವೇ ಬೇಡ. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಹುಳಿಯಾಗಿರುತ್ತದೆ. ದಾರಿಯಲ್ಲಿ ಕೊಳ್ಳುವುದಾದರೆ ಬಿಸಿ ಇಡ್ಲಿಯೇ ಎಲ್ಲಕ್ಕಿಂತ ಮೇಲು. ಆವಿಯಿಂದ ಈಗಷ್ಟೇ ಇಳಿದದ್ದು, ಕೊಂಚ ಮುರಿದರೆ ಹೊಗೆಯಾಡಬೇಕು. ಕತ್ತರಿಸಿಟ್ಟ ಹಣ್ಣನ್ನು ಕೊಳ್ಳಬೇಡಿ.

ಓಡುವ ಕಾರಿನಲ್ಲಿ ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಪೆಪ್ಪರಮಿಂಟು ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು. ಗಂಟಲಿಗೆ ಸಿಕ್ಕಿಕೊಂಡರೆ ಹಿಂದಕ್ಕೆ ಮುಖ ಮಾಡಿ ಕೂತ ಮಗುವಿನ ಮುಖ ಮುಂದಿನವರಿಗೆ ಕಾಣುವುದೇ ಇಲ್ಲ. ಒಬ್ಬ ದೊಡ್ಡವರು ಹಿಂದಿನ ಸೀಟಿನಲ್ಲಿ ಇರಲೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಎದೆಹಾಲು ಕುಡಿಯುವ ಕೂಸಿದೆ. ನೀರು ಕೊಡಬೇಕೇ?

ಆರು ತಿಂಗಳು ತುಂಬುವವರೆಗೆ ಎದೆಹಾಲೇ ನೀರು. ಎಂತಹ ಸೆಕೆಯಲ್ಲೂ ಹಾಗೆಯೇ. ಹೆಚ್ಚು ಸಲ ಕುಡಿಸಿ, ನೀವು ಧಾರಾಳವಾಗಿ ನೀರು ಕುಡಿಯಿರಿ. ಕಾರು ನಿಲ್ಲಿಸಿ, ಹಿಂದಿನ ಕಿಟಕಿಗೆ ಹತ್ತಿ ಸೀರೆಯ ತುಂಡನ್ನು ಸಿಕ್ಕಿಸಿದರೆ ಮರೆಯೂ ಆಯಿತು, ನೆರಳೂ ಆಯಿತು. ಓಡುವ ಕಾರಿನಲ್ಲಿ ಕುಡಿಸುವುದು ಬೇಡ.

ಪುಡಿಹಾಲು ಕೊಡುವವರು ಪುಡಿಯನ್ನೂ ಕುದಿಸಿದ ನೀರನ್ನೂ ಬೇರೆ ಬೇರೆ ಒಯ್ದು ಆಗಿಂದಾಗ್ಗೆ ಕಲಸಿ. ಕಲಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಮಗು ಕುಡಿದು ಉಳಿಸಿದ್ದನ್ನು ಚೆಲ್ಲಿಬಿಡಿ.

ಘಾಟಿಯಲ್ಲಿ ವಾಂತಿ ಮಾಡಿದರೆ?

ಮಾಡಿದರೆ ಎಂದಲ್ಲ, ಮಾಡುತ್ತವೆ ಎಂದೇ ಸಿದ್ಧರಾಗಿ ಹೋಗಿ. ಎರಡು ವರ್ಷದೊಳಗಿನವರಿಗೆ ಈ ತೊಂದರೆ ಕಡಿಮೆ, ಆಮೇಲೆ ಹೆಚ್ಚಾಗುತ್ತದೆ. ಮಗಳಿಗೆ ಮೂರರ ಬೇಸಿಗೆಯಲ್ಲಿ ಶುರುವಾಯಿತು. ದೋಣಿಗಾಲ್ ದಾಟಿ ಇಳಿಜಾರು ಹಿಡಿದ ಸ್ವಲ್ಪ ಹೊತ್ತಿಗೆ ಅವಳು ಮಾತು ನಿಲ್ಲಿಸಿದಳು. ಸದಾ ಮಾತಾಡುವ ಮಗು ಸುಮ್ಮನಾಯಿತೆಂದರೆ, ತುಟಿಯ ಸುತ್ತ ಬಿಳುಪೇರಿತೆಂದರೆ, ಪದೇ ಪದೇ ಆಕಳಿಸಿ ಉಗುಳು ನುಂಗತೊಡಗಿತೆಂದರೆ, ನಿಮಗಿರುವುದು ಎರಡೇ ನಿಮಿಷ. ಆ ದಿನ ನನಗೆ ಈ ಗುರುತುಗಳು ಗೊತ್ತಿರಲಿಲ್ಲ.

ಕಣ್ಣು ನೋಡುತ್ತಿರುವುದು ಅಲುಗಾಡದ ಪುಸ್ತಕವನ್ನು, ಕಿವಿಯೊಳಗಿನ ಸಮತೋಲದ ಅಂಗ ಹೇಳುತ್ತಿರುವುದು ತಿರುವಿನ ಸುದ್ದಿಯನ್ನು. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಘಾಟಿಯಲ್ಲಿ ಪುಸ್ತಕ, ಮೊಬೈಲ್, ಬಣ್ಣ ಹಚ್ಚುವುದು ಎಲ್ಲ ಬಂದ್. ದೂರದ ಬೆಟ್ಟ ನೋಡಿಸಿ. ಮುಂದಿನ ಗಾಜಿನಿಂದ ರಸ್ತೆ ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಇಳಿಯುವ ಒಂದು ಗಂಟೆ ಮೊದಲೇ ಎರಡು ಇಡ್ಲಿಯಷ್ಟು ಹಗುರವಾಗಿ ತಿನ್ನಿಸಿ. ಖಾಲಿ ಹೊಟ್ಟೆಯೂ ಆಗದು, ತುಂಬಿದ ಹೊಟ್ಟೆಯೂ ಆಗದು. ಕಿಟಕಿಯನ್ನು ಒಂದಿಷ್ಟು ಇಳಿಸಿ. ಕಾರಿನೊಳಗಿನ ಸುಗಂಧದ ಡಬ್ಬಿಯನ್ನು ಬೆಂಗಳೂರಿನಲ್ಲೇ ತೆಗೆದಿಡಿ.

ಅಮ್ಮ ಹೇಳಿಕೊಟ್ಟದ್ದು ನಿಂಬೆಹಣ್ಣು. ಉಗುರಿನಿಂದ ಸಿಪ್ಪೆಯನ್ನು ಒಂದಿಷ್ಟು ಗೀರಿ ಮಗಳ ಅಂಗೈಯಲ್ಲಿಡುತ್ತೇನೆ. ಅವಳು ಅದನ್ನು ಮೂಗಿಗೆ ಹಿಡಿದುಕೊಂಡು ಘಾಟಿಯ ಬುಡದ ಗುಂಡ್ಯದವರೆಗೆ ಕೂರುತ್ತಾಳೆ. ಅದು ವಾಂತಿ ತಡೆಯುತ್ತದೆಂದು ನಾನು ವೈದ್ಯರ ಮಾತಾಗಿ ಹೇಳಲಾರೆ, ನಮ್ಮ ಮಗಳಿಗೆ ಸಮಾಧಾನ ಕೊಡುತ್ತದೆ ಎಂಬುದು ನಿಜ. ವಾಂತಿ ತಡೆಯುವ ಮಾತ್ರೆ, ಸಿರಪ್ಪುಗಳನ್ನು ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದಂತೂ ಕೂಡದು.

ಓಡಿಸುವವರಿಗೊಂದು ಮಾತು. ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಇಳಿಸಿ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನ ನಡುವೆ ಬ್ರೇಕ್ ತುಳಿಯಬೇಡಿ. ಶಿರಾಡಿಯಲ್ಲಿ ಎದುರಿಗೆ ಮಂಗಳೂರಿನಿಂದ ಬರುವ ಅನಿಲ ಟ್ಯಾಂಕರುಗಳು ಏರುತ್ತಿರುತ್ತವೆ. ಅವುಗಳ ಹಿಂದಿನಿಂದ ಯಾರಾದರೂ ನುಗ್ಗಿ ಬರಬಹುದೆಂಬ ಎಚ್ಚರ ಇರಲಿ. ನಮ್ಮ ಮನೆಯವರು ಹೀಗೆ ಇಳಿಸಲು ಕಲಿತ ಮೇಲೆ ವಾಂತಿ ಅರ್ಧಕ್ಕರ್ಧ ಕಡಿಮೆಯಾಯಿತು.

ಆದರೂ ಆದರೆ: ಕೈಗೆಟಕುವಲ್ಲಿ ದಪ್ಪ ಪ್ಲಾಸ್ಟಿಕ್ ಚೀಲ, ಹಳೆಯ ಪಂಚೆಯ ತುಂಡುಗಳು, ಒಂದು ಜೊತೆ ಬಟ್ಟೆ, ಬಾಟಲಿಯಲ್ಲಿ ಬಾಯಿ ಮುಕ್ಕಳಿಸಲು ನೀರು. ಈ ಚೀಲ ಡಿಕ್ಕಿಯಲ್ಲಿದ್ದರೆ ಇಲ್ಲದ ಹಾಗೆಯೇ.

ಶೌಚಾಲಯದ ವ್ಯವಸ್ಥೆ ಹೇಗೆ?

ಹೆದ್ದಾರಿಯ ದೊಡ್ಡ ಹೋಟೆಲುಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಇದೆ, ಚೊಕ್ಕಟವಾಗಿರುವುದು ಅದೃಷ್ಟ. ಮಕ್ಕಳು ಶೌಚಕ್ಕೆ ಕೂರುವ ಚಿಕ್ಕದೊಂದು ಪಾಟಿಯನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ. ಬಳಸಿದ ಡೈಪರುಗಳನ್ನು ಕಟ್ಟಿ ಒಂದು ಚೀಲದಲ್ಲಿ ಹಾಕಿಕೊಂಡು ಊರಿನ ಕಸದ ಬುಟ್ಟಿಗೇ ಒಯ್ಯಿರಿ. ಘಾಟಿಯ ತಿರುವಿನಲ್ಲಿ ಎಸೆದದ್ದು ಹಳ್ಳಕ್ಕೆ ಇಳಿಯುತ್ತದೆ. ಆ ಹಳ್ಳದ ನೀರು ಕೆಂಪುಹೊಳೆಯಾಗಿ ಮುಂದೆ ಕುಮಾರಧಾರೆಗೆ, ನೇತ್ರಾವತಿಗೆ ಸೇರುತ್ತದೆ. ಮಂಗಳೂರು ಕುಡಿಯುವುದು ನೇತ್ರಾವತಿಯ ನೀರನ್ನೇ.

ಕಾರಿನಲ್ಲಿ ಮೊಬೈಲ್ ಕೊಡುತ್ತೀರಾ?

ಒಂದು ದಿನಕ್ಕೆ ಅರ್ಧ ಗಂಟೆ, ಅದೂ ಹಾಸನದ ಈಚಿನ ನೇರ ರಸ್ತೆಯಲ್ಲಿ. ಉಳಿದ ಹೊತ್ತು ಒಗಟು, ಎಣಿಕೆ, ಹಾಡು. ಕೆಂಪು ಬಸ್ಸು ಎಷ್ಟು, ಹುಲ್ಲಿನ ಬಣವೆ ಎಷ್ಟು, ತೆಂಗಿನ ಮರ ಮುಗಿದು ಕಾಫಿ ಗಿಡ ಎಲ್ಲಿ ಶುರುವಾಯಿತು. ಈ ಕೊನೆಯ ಆಟದಲ್ಲಿ ಹೋದ ವರ್ಷ ಮಗಳು ಗೆದ್ದಳು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ಅವಳೇ ಮೊದಲು ಕಂಡದ್ದು.

ದಾರಿಯಲ್ಲಿ ಏನೇನು ನೋಡಬಹುದು?

ದಿನಕ್ಕೆ ಒಂದೇ. ಎರಡನ್ನು ಹಮ್ಮಿಕೊಂಡರೆ ಎರಡನೆಯದು ಮಕ್ಕಳ ಅಳುವಿನಲ್ಲಿ ಮುಳುಗುತ್ತದೆ.

ಶ್ರವಣಬೆಳಗೊಳ ಚನ್ನರಾಯಪಟ್ಟಣದಿಂದ ಹತ್ತು ಹನ್ನೆರಡು ಕಿ.ಮೀ. ಒಳಗೆ. ಚಾವುಂಡರಾಯ ಹತ್ತನೇ ಶತಮಾನದ ಕೊನೆಯಲ್ಲಿ ನಿಲ್ಲಿಸಿದ ಸುಮಾರು 58 ಅಡಿಯ ಗೊಮ್ಮಟನನ್ನು ಯಾವ ಮಗುವೂ ಮರೆಯದು. ಆದರೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು, ಬೋಳು ಬಂಡೆ. ಮೇ ತಿಂಗಳಲ್ಲಿ ಒಂಬತ್ತು ಗಂಟೆಯ ಮೇಲೆ ಆ ಕಲ್ಲು ಕಾಲು ಸುಡುತ್ತದೆ. ಬೆಳಿಗ್ಗೆ ಬೇಗ ಹತ್ತಿ, ಮಕ್ಕಳ ಕಾಲಿಗೆ ದಪ್ಪ ಕಾಲುಚೀಲ ಹಾಕಿ. ಕೂಸನ್ನು ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಚೀಲವಿಲ್ಲದೆ ಹತ್ತಬೇಡಿ. ನಾವು ಎರಡು ವರ್ಷ ಕೆಳಗಿನ ಕಲ್ಯಾಣಿಯ ದಂಡೆಯಿಂದಲೇ ಬೆಟ್ಟ ನೋಡಿ ಮುಂದೆ ಹೋಗಿದ್ದೇವೆ, ಅದೂ ಚೆನ್ನಾಗಿಯೇ ಇತ್ತು.

ತೀರ ಚಿಕ್ಕವರಿಗೆ ಹಳೇಬೀಡು ಹೆಚ್ಚು ಹಿತ. ಹತ್ತುವ ಕಷ್ಟವಿಲ್ಲ, ದೇವಸ್ಥಾನದ ಸುತ್ತ ಹುಲ್ಲುಹಾಸು, ಗೋಡೆಯ ತಳದಲ್ಲಿ ಮಗುವಿನ ಕಣ್ಣಿನ ಎತ್ತರಕ್ಕೇ ಆನೆಗಳ ಸಾಲು. ಮಗಳು ಪ್ರತಿ ಆನೆಯ ಸೊಂಡಿಲನ್ನೂ ಬೆರಳು ಚಾಚಿ ತೋರಿಸುತ್ತ ಇಡೀ ಒಂದು ಬದಿಯನ್ನು ಸುತ್ತಿದಳು. ಮುಟ್ಟಬಾರದು, ದೂರದಿಂದ ತೋರಿಸಬಹುದು ಎಂಬುದನ್ನು ಮೊದಲೇ ಹೇಳಿಟ್ಟಿದ್ದೆವು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಹಾಸನದಿಂದ ಹೋಗಿ ಹಳೇಬೀಡು ನೋಡಿ, ಬೇಲೂರಿನ ಮೇಲೆ ಸಕಲೇಶಪುರಕ್ಕೆ ಇಳಿಯುವುದು ಮೊದಲ ದಿನಕ್ಕೆ ಸರಿಹೊಂದುತ್ತದೆ.

ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ. ಮೆಟ್ಟಿಲುಗಳನ್ನು ನಾಲ್ಕು ವರ್ಷದ ಮಗು ಎರಡು ಸಲ ಕುಳಿತು ಹತ್ತುತ್ತದೆ. ಮೇಲೆ ಗೋಡೆಯಂಚಿನಲ್ಲಿ ತಡೆಯಿಲ್ಲದ ಕಡೆಗಳಿವೆ, ಕೈ ಬಿಡಬೇಡಿ.

ಐದು ನಿಮಿಷಕ್ಕೆಂದು ಮಲಗಿದ ಮಗುವನ್ನು ಕಾರಿನಲ್ಲೇ ಬಿಟ್ಟು ಇಳಿಯಬಹುದೇ?

ಇಲ್ಲ. ಒಂದು ನಿಮಿಷಕ್ಕೂ ಇಲ್ಲ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಮಗುವಿನ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ನಿದ್ದೆ ಕೆಟ್ಟು ಅತ್ತರೂ ಚಿಂತೆಯಿಲ್ಲ, ಎತ್ತಿಕೊಂಡೇ ಇಳಿಯಿರಿ.

ಬಿಸಿಲಿಗೆ ಇನ್ನೇನು ಎಚ್ಚರ?

ಮಂಗಳೂರಿನಿಂದ ಬಡಗಣಕ್ಕೆ ತಿರುಗಿದ ಮೇಲೆ ಮಧ್ಯಾಹ್ನದ ಬಿಸಿಲು ಎಡಗಡೆಯಿಂದ ಹೊಡೆಯುತ್ತದೆ. ಹಾಗೆಂದು ಮಗುವಿನ ಸೀಟನ್ನು ಬಲಕ್ಕೆ ಹಾಕಬೇಡಿ. ಮಗುವನ್ನು ಹತ್ತಿಸಿ ಇಳಿಸುವುದು ರಸ್ತೆಯ ಅಂಚಿನ ಕಡೆಯಿಂದಲೇ, ಅಂದರೆ ಎಡದಿಂದಲೇ ಆಗಬೇಕು. ಕಿಟಕಿಗೆ ಜಾಲರಿಯ ತೆರೆ ಸಾಕು. ಮಗುವಿನ ಸೀಟಿನ ಸುತ್ತ ಕಂಬಳಿ, ಟವೆಲ್ ಸುತ್ತಬೇಡಿ, ಗಾಳಿ ಆಡುವುದಿಲ್ಲ. ಮೈಗೆ ತೆಳು ಹತ್ತಿ ಅಂಗಿ.

ಕರಾವಳಿಯಲ್ಲಿ ಉಷ್ಣತೆಗಿಂತ ಸೆಕೆ ಹೆಚ್ಚು. ಬೆವರು ಆರುವುದಿಲ್ಲ. ಮಗಳಿಗೆ ತೆಳು ಮಜ್ಜಿಗೆ, ಸೀಯಾಳ, ಪುನರ್ಪುಳಿ ಶರಬತ್ತು ಸರದಿಯಲ್ಲಿ ಸಿಗುತ್ತವೆ. ಆರು ಗಂಟೆ ಮೂತ್ರ ಮಾಡದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಬಾಯಿ ಒಣಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಕಲಸಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್. ಲೋಟಕ್ಕೆ ಇಷ್ಟು ಎಂದು ಅಂದಾಜಿನಲ್ಲಿ ಹಾಕಿದರೆ ಉಪ್ಪು ಹೆಚ್ಚೋ ಕಡಿಮೆಯೋ ಆಗಿ ಕೆಡುಕಾದೀತು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ.

ಕಡಲಿನಲ್ಲಿ ಆಡಿಸಬಹುದೇ?

ಮರಳಿನಲ್ಲಿ ಎಷ್ಟು ಬೇಕಾದರೂ. ನೀರಿನಲ್ಲಿ ಪಾದ ನೆನೆಯುವಷ್ಟು, ಕೈ ಹಿಡಿದೇ.

ನಾನು ಕಡಲ ಮಗ್ಗುಲಲ್ಲೇ ಬೆಳೆದವಳು, ಅದಕ್ಕೇ ಹೇಳುತ್ತಿದ್ದೇನೆ. ಮೇ ಕೊನೆಗೆ ನಮ್ಮ ಕಡಲಿನ ಬಣ್ಣವೇ ಬೇರೆ. ಮಳೆ ಕರಾವಳಿಗೆ ಬರುವುದು ಸಾಮಾನ್ಯವಾಗಿ ಜೂನ್ ಮೊದಲ ವಾರ, ಅದಕ್ಕೂ ಮೊದಲೇ ಅಲೆ ಏಳತೊಡಗುತ್ತದೆ. ದಡಕ್ಕೆ ಬಂದ ನೀರು ಹಿಂದೆ ಸರಿಯುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ದೊಡ್ಡವರೇ ತತ್ತರಿಸುತ್ತಾರೆ. ಕೆಂಪು ಬಾವುಟ ಕಂಡರೆ ಹತ್ತಿರ ಹೋಗಬೇಡಿ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಕಡಲು, ನಡುವೆ ಹೆದ್ದಾರಿ. ಎಲ್ಲರೂ ಅಲ್ಲೇ ನಿಲ್ಲಿಸಲು ಬಯಸುತ್ತಾರೆ. ನೋಡಲು ಅದಕ್ಕೆ ಸಾಟಿಯಿಲ್ಲ, ಮಕ್ಕಳನ್ನು ಬಿಡಲು ಅದು ಜಾಗವಲ್ಲ. ಒಂದು ಕಡೆ ವೇಗದ ವಾಹನಗಳು, ಇನ್ನೊಂದು ಕಡೆ ಕಲ್ಲುಗಳು, ಅಲೆ.

ಮಕ್ಕಳಿಗೆ ನಾನು ಹೇಳುವುದು ಪಡುಬಿದ್ರಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ, ಅಂದರೆ ಚೊಕ್ಕಟ, ಸುರಕ್ಷಿತ ಕಡಲತೀರಗಳಿಗೆ ಸಿಗುವ ಅಂತರರಾಷ್ಟ್ರೀಯ ಗುರುತು, ಪಡೆದ ತೀರ. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಮೈ ತೊಳೆಯಲು ನೀರು, ಕಾವಲುಗಾರರು ಇದ್ದಾರೆ. ಹೊನ್ನಾವರದ ಕಾಸರಕೋಡೂ ಅದೇ ವರ್ಷ ಆ ಪಟ್ಟಿಗೆ ಸೇರಿತು. ಸಂಜೆಗೆ ಕಾಪು ಸೇರಿದರೆ 1901ರ ದೀಪಸ್ತಂಭವನ್ನು ಕೆಳಗಿನಿಂದ ನೋಡಬಹುದು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಿದೆ, ಮಳೆಗಾಲದಲ್ಲಿ ನಿಲ್ಲುತ್ತದೆ. ಕೂಸಿದ್ದವರು ಈ ವರ್ಷ ಅದನ್ನು ಬಿಡಿ. ದೋಣಿ ಹತ್ತಿಳಿಯುವಾಗ ಎರಡೂ ಕೈ ಖಾಲಿಯಿರಬೇಕು, ದ್ವೀಪದಲ್ಲಿ ನೆರಳೂ ಕಡಿಮೆ.

ಮಳೆ ಬಂದರೆ, ಶಿರಾಡಿ ಮುಚ್ಚಿದರೆ?

ಶಿರಾಡಿಯಲ್ಲಿ ಗುಡ್ಡ ಕುಸಿಯುವುದು ಹೆಚ್ಚಾಗಿ ಜುಲೈ, ಆಗಸ್ಟ್ ಹೊತ್ತಿಗೆ. ಮೇ ತಿಂಗಳಲ್ಲಿ ಬರುವುದು ಸಂಜೆಯ ಗುಡುಗು ಸಿಡಿಲಿನ ಮಳೆ. ಅದಕ್ಕೇ ಘಾಟಿಯನ್ನು ಬೆಳಿಗ್ಗೆ ಇಳಿಯುವುದು. ಒಂದು ವೇಳೆ ತಡೆಯಿದ್ದರೆ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇದೆ, ತಿರುವುಗಳು ಹೆಚ್ಚು. ಮಡಿಕೇರಿಯ ಮೇಲೆ ಸಂಪಾಜೆ ಇದೆ, ಸುತ್ತು ಹೆಚ್ಚು. ಘಾಟಿಯೊಳಗೆ ಮೊಬೈಲ್ ಸಂಪರ್ಕ ಸಿಗದ ಜಾಗಗಳಿವೆ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಮಂಗಗಳಿಗೆ ಏನನ್ನೂ ಕೊಡಬೇಡಿ, ಮಕ್ಕಳ ಕೈಯಲ್ಲಿ ತಿಂಡಿ ಇರುವಾಗ ಕಿಟಕಿ ಇಳಿಸಬೇಡಿ.

ಕಾರಿನ ತಯಾರಿ?

ಟೈರಿನ ಗಾಳಿಯನ್ನು ಕಾರು ತಣ್ಣಗಿರುವಾಗ ನೋಡಿ, ಸ್ಟೆಪ್ನಿಯದ್ದೂ. ಬ್ರೇಕ್, ಕೂಲೆಂಟ್, ಎಸಿ ಒಂದು ವಾರ ಮೊದಲೇ ಪರೀಕ್ಷೆಯಾಗಲಿ. ಫಾಸ್ಟ್ಯಾಗ್‌ನಲ್ಲಿ ಹಣವಿರಲಿ. ತುರ್ತಿಗೆ 112, ಆಂಬುಲೆನ್ಸಿಗೆ 108, ಹೆದ್ದಾರಿಯ ಸಹಾಯಕ್ಕೆ 1033. ಜ್ವರದ ಔಷಧದ ಪ್ರಮಾಣವನ್ನು ಮಗುವಿನ ಈಗಿನ ತೂಕಕ್ಕೆ ತಕ್ಕಂತೆ ವೈದ್ಯರಿಂದ ಬರೆಸಿಕೊಂಡು ಹೋಗಿ. ಹೋದ ವರ್ಷದ ಚೀಟಿ ಈ ವರ್ಷಕ್ಕೆ ಆಗದು.

ಅತ್ತೆ ಮಾವನೂ ಬರುತ್ತಾರೆ. ಐದು ಜನರ ಕಾರಿನಲ್ಲಿ ಹೇಗೆ?

ಎರಡು ಮಕ್ಕಳ ಸೀಟು ಹಾಕಿದ ಮೇಲೆ ಹಿಂದೆ ಉಳಿಯುವುದು ಒಬ್ಬರಿಗೆ ಇಕ್ಕಟ್ಟಿನ ಜಾಗ. ಹಿರಿಯರ ಮಂಡಿಗೆ ಅದು ಶಿಕ್ಷೆ. ನಾವು ಅತ್ತೆಯವರನ್ನೂ ಮಾವನವರನ್ನೂ ರೈಲಿನಲ್ಲಿ ಕಳುಹಿಸಿ ಕುಂದಾಪುರದ ನಿಲ್ದಾಣದಲ್ಲಿ ಕರೆದುಕೊಳ್ಳುತ್ತೇವೆ. ಮೊದಲ ಸಲ ಹೇಳುವಾಗ ನನಗೆ ಅಳುಕಿತ್ತು. ಈಗ ಮಾವನವರೇ ಟಿಕೆಟ್ ತೆಗೆಸುತ್ತಾರೆ.

ಊರಿಂದ ಮರಳುವಾಗ ಸಾಮಾನು ಎರಡರಷ್ಟಾಗುತ್ತದೆ, ಹೇಗೆ ತರುವುದು?

ಇದು ಕರಾವಳಿಯ ತವರಿರುವ ಎಲ್ಲರ ಪ್ರಶ್ನೆ. ತೆಂಗಿನಕಾಯಿಯ ಗೋಣಿಯನ್ನು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿ, ಕಟ್ಟಿ ಇಡಿ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏನನ್ನೂ ಪೇರಿಸಬೇಡಿ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಮೇಲಿದ್ದ ಉಪ್ಪಿನಕಾಯಿ ಭರಣಿ ಹಾರಿ ಬರುವುದು ಮಕ್ಕಳ ತಲೆಯ ಮೇಲೆ. ಇಡೀ ಹಲಸಿನ ಹಣ್ಣನ್ನು ಮುಚ್ಚಿದ ಕಾರಿನಲ್ಲಿ ತರಬೇಡಿ, ಘಾಟಿ ಹತ್ತುವಾಗ ಆ ಪರಿಮಳವೇ ವಾಂತಿಗೆ ದಾರಿ. ತೊಳೆ ಬಿಡಿಸಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಸಿಕೊಳ್ಳಿ. ಹಪ್ಪಳ, ಸಂಡಿಗೆ ಎಷ್ಟಿದ್ದರೂ ಸರಿ. ಬೆಳಿಗ್ಗೆ ಸಕಲೇಶಪುರ ಬಿಟ್ಟು ಮೂಡಣಕ್ಕೆ ಬರುವಾಗ ಸೂರ್ಯ ಎದುರಿಗೇ ಇರುತ್ತಾನೆ, ಓಡಿಸುವವರ ತಂಪು ಕನ್ನಡಕ ಕೈಗೆ ಸಿಗುವಲ್ಲಿರಲಿ.

ಊರು ಬಿಡುವ ಬೆಳಿಗ್ಗೆ ಮಕ್ಕಳಿಗೆ ಗಂಜಿ ಉಣ್ಣಿಸಿದ ಕೂಡಲೇ ಹೊರಡುತ್ತೇವೆ. ಅಮ್ಮ ಮಗಳ ಮುಷ್ಟಿಯೊಳಗೆ ಹಿತ್ತಲ ಗಿಡದ ಒಂದು ನಿಂಬೆಹಣ್ಣನ್ನು ಇಟ್ಟು ಬಾಗಿಲು ಮುಚ್ಚುತ್ತಾರೆ, ಘಾಟಿ ಹತ್ತಲು.